ತಂಬಿಗೆ ಹಿಡಿದ ನಡಿಗೆ

ನಮ್ಮ ಕಡೆ ಹೆಣ್ಣುಮಗಳು ಸುಮ್ಮನೆ ನಡೆಯುವ ಹಾಗಿಲ್ಲ. ನಡೆಯಬೇಡ ಎಂದು ಯಾರೂ ಅನ್ನುವುದಿಲ್ಲ, ಕೇಳುತ್ತಾರೆ ಅಷ್ಟೇ. ಬುಟ್ಟಿ ಹೊತ್ತಿದ್ದರೆ ಹೊಲಕ್ಕೆ, ಕೊಡ ಹೊತ್ತಿದ್ದರೆ ನೀರಿಗೆ, ಕಾಯಿ ಕರ್ಪೂರ ಹಿಡಿದಿದ್ದರೆ ಗುಡಿಗೆ. ಕುರುಬರ ಹೆಣ್ಣುಮಕ್ಕಳು ಸೋನ್ಯಾಳದ ಆಚೆತನಕ ದಿನವೆಲ್ಲ ನಡೆಯುತ್ತಾರೆ, ಅವರನ್ನು ಒಬ್ಬರೂ ಕೇಳುವುದಿಲ್ಲ, ಯಾಕೆಂದರೆ ಅವರ ಮುಂದೆ ಕುರಿಗಳಿರುತ್ತವೆ. ನನ್ನಂಥ ಕಿರಾಣಿ ಅಂಗಡಿ ಮನೆಯ ಹೆಂಗಸು, ಐವತ್ತು ದಾಟಿದವಳು, ಬರಿಗೈಯಲ್ಲಿ ಬಿರಬಿರನೆ ಊರಾಚೆಯ ದಾರಿ ಹಿಡಿದರೆ ಮಾತ್ರ ಕಟ್ಟೆಯ ಮೇಲೆ ಕೂತವರಿಗೆಲ್ಲ ನಾಲಿಗೆ ಕೆರೆಯುತ್ತದೆ. 'ಅಕ್ಕಾರ, ಎತ್ತ ಹೊಂಟ್ರಿ?' ಎತ್ತಲೂ ಇಲ್ಲ ಎಂಬ ಉತ್ತರವನ್ನು ನಮ್ಮೂರು ಇನ್ನೂ ಕೇಳಿಲ್ಲ.

ನನಗೆ ನಡೆಯುವುದೇ ಔಷಧವೆಂದು ಹೇಳಿದ್ದರು.

ಎಣ್ಣೆ ಡಬ್ಬ ಎತ್ತಿದರೆ, ಮಾಳಿಗೆಯ ಮೆಟ್ಟಿಲು ಹತ್ತಿದರೆ ಎದೆಯ ನಡುವೆ ಯಾರೋ ಮುಷ್ಟಿ ಊರಿ ಒತ್ತಿದಂತಾಗುತ್ತಿತ್ತು. ನಿಂತರೆ ಬಿಡುತ್ತಿತ್ತು. ನಮ್ಮವ್ವ ಈ ವಯಸ್ಸನ್ನೂ ಮುಟ್ಟದೆ, ರೊಟ್ಟಿ ಬಡಿಯುತ್ತಲೇ ಎದೆ ಹಿಡಿದುಕೊಂಡು ಹೋದವಳು. ಆ ಹೆದರಿಕೆಗೆ ಗಂಡನನ್ನು ಕರೆದುಕೊಂಡು ಮಿರಜಿನ ಒಂದು ಆಸ್ಪತ್ರೆಗೆ ಹೋದೆ. ಮಣಿಕಟ್ಟಿನ ಹತ್ತಿರ ಸಣ್ಣ ನಳಿಗೆ ತೂರಿಸಿ ಹೃದಯದ ರಕ್ತನಾಳಗಳ ಚಿತ್ರ ತೆಗೆದರು. ಅಡ್ಡಿ ಇದ್ದಲ್ಲಿ ಸ್ಪ್ರಿಂಗ್ ಕೂಡಿಸುತ್ತಾರೆ, ಇಲ್ಲದಿದ್ದರೆ ಬೈಪಾಸ್ ಮಾಡುತ್ತಾರೆ ಎಂಬಷ್ಟು ನಮಗೂ ಗೊತ್ತಿತ್ತು. ನನ್ನವು ಎರಡಕ್ಕೂ ಒಗ್ಗದ ನಾಳಗಳು. ಉದ್ದಕ್ಕೂ ಸಣ್ಣಗಾಗಿವೆ, ಸ್ಪ್ರಿಂಗ್ ನಿಲ್ಲುವುದಿಲ್ಲ, ಬೈಪಾಸಿನ ಹೊಲಿಗೆ ಹಾಕಲೂ ಜಾಗವಿಲ್ಲ ಎಂದರು. ಗುಳಿಗೆ ಕೊಟ್ಟರು. ಗಂಡ, 'ಮತ್ತ ಮುಂದರಿ?' ಎಂದು ಕೇಳಿದ್ದಕ್ಕೆ ದೊಡ್ಡ ಡಾಕ್ಟರು ಪಕ್ಕದ ಕೋಣೆಯ ಕಡೆಗೆ ಕೈ ತೋರಿಸಿದರು.

ಆ ಕೋಣೆಯಲ್ಲಿ ಒಬ್ಬ ಸಣ್ಣ ವಯಸ್ಸಿನ ಡಾಕ್ಟರಮ್ಮ ನನ್ನಂಥವರ ಮೇಲೆಯೇ ಸಂಶೋಧನೆ ನಡೆಸಿದ್ದರು. ಮರಾಠಿಯವರು, ನನ್ನನ್ನು ಮಾವಶಿ, ಎಂದರೆ ಚಿಕ್ಕಮ್ಮ, ಎಂದು ಕರೆದರು. ದೊಡ್ಡ ನಾಳ ನಿಧಾನವಾಗಿ ಮುಚ್ಚುತ್ತ ಬಂದರೆ ಸುತ್ತಲಿನ ಕೂದಲೆಳೆಯಂಥ ನಾಳಗಳು ತಾವಾಗಿಯೇ ಅಗಲವಾಗುತ್ತವಂತೆ, ಹೊಸವೂ ಹುಟ್ಟುತ್ತವಂತೆ. ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮೆ, ಯಾಕೆ ಹಾಗೆ ಎನ್ನುವುದು ಪೂರ್ತಿ ತಿಳಿದಿಲ್ಲವಂತೆ. ಸೂಜಿಮದ್ದು ಕೊಟ್ಟು ಅವನ್ನು ಬೆಳೆಸುವ ಪ್ರಯತ್ನ ಬೇರೆ ಬೇರೆ ದೇಶಗಳಲ್ಲಿ ನಡೆದಿದೆ, ಇನ್ನೂ ಕೈಗೆ ಹತ್ತಿಲ್ಲ ಎಂದರು. ಇವರು ನೋಡುತ್ತಿದ್ದದ್ದು ಬರಿಯ ನಡಿಗೆಯಿಂದ ಎಷ್ಟು ಬೆಳೆಯುತ್ತವೆ ಎನ್ನುವುದನ್ನು. 'ಡಾಂಬರು ರಸ್ತೆ ಬಂದಾದರೆ ಜನ ಬದುವಿನ ಮೇಲೆ ಹಾದು ಹೋಗ್ತಾರಲ್ಲ ಮಾವಶಿ, ಹೋಗಿ ಹೋಗಿ ಅಲ್ಲೇ ದಾರಿ ಬೀಳ್ತದೆ' ಎಂದು ತಿಳಿಸಿ ಹೇಳಿದರು. ದಿನಾ ಬಿರುಸಾಗಿ ನಡೆಯಬೇಕು, ಎದೆ ಹಿಡಿದ ಕೂಡಲೇ ನಿಲ್ಲಬೇಕು, ಬಿಟ್ಟ ಮೇಲೆ ಮತ್ತೆ ನಡೆಯಬೇಕು, ಕೆಲವು ತಿಂಗಳ ಮೇಲೆ ಬಂದು ತೋರಿಸಬೇಕು. ನಿಂತ ಮೇಲೂ ಬಿಡದಿದ್ದರೆ ನಾಲಿಗೆಯ ಕೆಳಗೆ ಇಟ್ಟುಕೊಳ್ಳಲು ಒಂದು ಗುಳಿಗೆ. ಇದಿಷ್ಟೇ ನನ್ನ ಪಾಲಿಗೆ ಉಳಿದದ್ದು. ಆದರೂ ಸಂಶೋಧನೆ ಎಂಬ ಮಾತು ಕೇಳಿ ನಾನು ಒಳಗೊಳಗೇ ಉಬ್ಬಿದೆ. ನಮ್ಮ ಮನೆತನದಲ್ಲಿ ಯಾರನ್ನೂ ಯಾರೂ ಸಂಶೋಧನೆ ಮಾಡಿರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಗಂಡ ಮೆಲ್ಲಗೆ ಹೇಳಿದರು. 'ಮಗಳ ಮಾತ ಮುಗಿಯೂ ತನಕ ಈ ಸುದ್ದಿ ಬಾಯಿ ಬಿಡಬ್ಯಾಡ. ನಿಮ್ಮವ್ವಗೂ ಇತ್ತು, ನಿನಗೂ ಬಂತು ಅಂದ್ರ, ಆ ಮನಿತನದಾಗ ಎದಿಬ್ಯಾನಿ ಐತಿ ಅಂತಾರ.'

ಮಗಳ ಮಾತು ಎಂದರೆ ಬಾಲಗಾಂವದ ಸಂಬಂಧ. ಹುಡುಗ ಹೈಸ್ಕೂಲಿನಲ್ಲಿ ಮಾಸ್ತರ, ಅವನ ತಾಯಿ ಅಲ್ಲಿಯೇ ಅಂಗನವಾಡಿ ನಡೆಸುವವರು. ನನ್ನ ಮಗಳು ಡಿಗ್ರಿ ಮುಗಿಸಿ ಅಂಗಡಿಯಲ್ಲಿ ಅಪ್ಪನಿಗೆ ಕೈಗೂಡಿಸುತ್ತಿದ್ದಳು. ಹಿಂದೆ ಬಂದ ವರಗಳಿಗೆಲ್ಲ ಮುಖ ಗಂಟಿಕ್ಕಿದ ಹುಡುಗಿ, ಈ ಹುಡುಗನ ಫೋನು ಬಂದರೆ ಹಿತ್ತಲಿಗೆ ಹೋಗಿ ನಗುತ್ತಿದ್ದಳು. ಆ ನಗೆಗೆ ಕಲ್ಲು ಹಾಕುವ ತಾಯಿ ನಾನಲ್ಲ ಎಂದುಕೊಂಡೆ. ಮಿರಜಕ್ಕೆ ಹೋದದ್ದು ಹಲ್ಲು ತೋರಿಸಲು ಎಂದು ಅವಳಿಗೂ ಹೇಳಿದೆ. ಗುಳಿಗೆಗಳನ್ನು ಅಡಿಗೆಮನೆಯ ಮೇಲಿನ ಹಲಗೆಯಲ್ಲಿ, ನನ್ನ ಕೈ ಮಾತ್ರ ಹೋಗುವ ಡಬ್ಬಿಯಲ್ಲಿ ಇಟ್ಟೆ.

ಇನ್ನು ನಡಿಗೆ. ಮೊದಲು ಅಂಗಳದಲ್ಲಿ ಸುತ್ತು ಹಾಕಿ ನೋಡಿದೆ. 'ಅವ್ವ, ಏನ ಕಳಕೊಂಡಿ?' ಎಂದು ಮಗಳು ತಾನೂ ನೆಲ ನೋಡುತ್ತ ನನ್ನ ಹಿಂದೆ ಸುತ್ತಿದಳು. ಮಾಳಿಗೆಯ ಮೇಲೆ ನಡೆದರೆ ಕೆಳಗಿನ ಅಂಗಡಿಯಲ್ಲಿ ದಬದಬ ಕೇಳಿ ಗಿರಾಕಿಗಳು ತಲೆ ಎತ್ತುತ್ತಿದ್ದರು. ಹಾಗಾಗಿ ಊರ ಹೊರಗಿನ ಮಡ್ಡಿ, ಆ ಕಲ್ಲು ದಿಬ್ಬದ ಬಯಲೇ, ಗತಿಯಾಯಿತು. ಅಲ್ಲಿಗೆ ಯಾರೂ ಮಾತಾಡಿಸದಂತೆ ಹೋಗಲು ಒಂದೇ ಒಂದು ಉಪಾಯವಿತ್ತು, ಅದು ತಂಬಿಗೆ. ನಸುಕಿನಲ್ಲಿ ತಂಬಿಗೆ ಹಿಡಿದು ಬಯಲಕಡೆಗೆ ಹೊರಟವರನ್ನು ನಮ್ಮಲ್ಲಿ ಮಾತಾಡಿಸುವುದಿಲ್ಲ. ಎದುರಾದರೆ ಮುಖ ಆಚೆ ತಿರುಗಿಸಿ ಹಾದು ಹೋಗುತ್ತಾರೆ. ಅಷ್ಟು ದೊಡ್ಡ ಮರ್ಯಾದೆ ನಮ್ಮೂರಿನಲ್ಲಿ ಸರಪಂಚನಿಗೂ ಸಿಗುವುದಿಲ್ಲ.

ಇದರಲ್ಲಿ ಒಂದು ತೊಡಕಿತ್ತು, ಅದನ್ನು ಹೇಳಲು ಈಗಲೂ ಮುಖ ಬಿಸಿಯಾಗುತ್ತದೆ. ನಮ್ಮ ಬಚತ್ ಗಟಕ್ಕೆ, ಎಂದರೆ ಹೆಂಗಸರ ಉಳಿತಾಯದ ಗುಂಪಿಗೆ, ನಾನೇ ಅಧ್ಯಕ್ಷೆ. ಊರಲ್ಲಿ ಮನೆಮನೆಗೆ ಸಂಡಾಸ ಕಟ್ಟಿಸಿ ಎಂದು ಬಾಯಿ ಮಾಡಿದವಳೂ ನಾನೇ. ಸೀಟಿ ಹಿಡಿದು ನಸುಕಿನಲ್ಲಿ ಮಡ್ಡಿಗೆ ಹೋಗಿ, ಕೂತ ಹೆಂಗಸರನ್ನು ಎಬ್ಬಿಸಿದವರಲ್ಲಿ ಮುಂದೆ ಇದ್ದವಳೂ ನಾನೇ. ಅದಕ್ಕಾಗಿ ತಾಲೂಕಿನಲ್ಲಿ ನನಗೆ ಶಾಲು ಹೊದಿಸಿದ್ದರು. ಗಂಡ ತಂಬಿಗೆ ನೋಡಿ, 'ಏ, ನೀನ ತಂಬಿಗಿ ಹಿಡದ್ರ ಮಂದಿ ಏನಂದಾರು?' ಎಂದರು. 'ಹೊಟ್ಟಿ ಕೆಟ್ಟೈತಿ ಅಂತ ಎರಡ ದಿನ ನಗ್ತಾರ. ಎದಿ ಕೆಟ್ಟೈತಿ ಅಂದ್ರ ಲಗ್ನ ಮುರೀತಾರ' ಎಂದೆ. ನನಗೆ ನನ್ನ ಜಾಣತನದ ಮೇಲೆ ಭಾರಿ ಪ್ರೀತಿ ಬಂತು.

ನಡೆದೆ. ತಂಬಿಗೆಯಲ್ಲಿ ನೀರು ಇರುತ್ತಿರಲಿಲ್ಲ, ಭಾರ ಹೊತ್ತರೆ ಎದೆ ಬೇಗ ಹಿಡಿಯುತ್ತಿತ್ತು. ಸೆರಗಿನ ಮರೆಯಲ್ಲಿ ಅದನ್ನು ಇಟ್ಟುಕೊಂಡು, ಜಾಲಿ ಗಿಡಗಳ ಪಕ್ಕದ ಬಂಡಿದಾರಿಯಲ್ಲಿ ಏರು ಹತ್ತುತ್ತಿದ್ದೆ. ಮೊದಮೊದಲು ಮೊದಲನೆಯ ಬೋರಿ ಗಿಡದ ಹತ್ತಿರವೇ ಮುಷ್ಟಿ ಬಂದು ಕೂರುತ್ತಿತ್ತು. ನಿಲ್ಲುತ್ತಿದ್ದೆ, ಬಿಟ್ಟ ಮೇಲೆ ಮತ್ತೆ ಹೆಜ್ಜೆ ಹಾಕುತ್ತಿದ್ದೆ. ಬರಬರುತ್ತ ಆ ಗಿಡ ದಾಟಿದರೂ ಏನೂ ಆಗದಾಯಿತು. ಆಮೇಲೆ ಕಲ್ಲಿನ ಖಣಿಯತನಕ ಹೋಗತೊಡಗಿದೆ. ಒಳಗೆ ದಾರಿ ಬೀಳುತ್ತಿದೆ ಎಂದು ನನಗೆ ಅನ್ನಿಸಿತು. ನಿಜವೋ ಭ್ರಮೆಯೋ ಹೇಳುವವರು ಮಿರಜಿನಲ್ಲಿದ್ದರು, ಆದರೆ ಆ ದಿನಗಳಲ್ಲಿ ಮಡ್ಡಿಯ ಮೇಲೆ ನಿಂತು ನಾನು ಒಬ್ಬಳೇ ನಕ್ಕದ್ದುಂಟು.

ಅಷ್ಟರಲ್ಲಿ ಬಾಲಗಾಂವದವರು ಹುಡುಗಿ ನೋಡಲು ಬಂದರು. ಹುಡುಗನ ತಾಯಿ ನೇರ ಮಾತಿನ ಹೆಂಗಸು, ನೋಡಿದ ಕೂಡಲೇ ಮನಸ್ಸಿಗೆ ಬಂದರು. ಅವಲಕ್ಕಿ ತಿಂದು, ಚಹ ಕುಡಿದು, ಕೈ ತೊಳೆಯಲು ಹಿತ್ತಲಿಗೆ ಬಂದವರಿಗೆ ನಾನು ನಮ್ಮ ಸಂಡಾಸ ತೋರಿಸಿದೆ. ಟೈಲ್ಸ್ ಹಾಕಿಸಿದ್ದೇನೆ, ಊರಿನಲ್ಲಿ ಮೊದಲು ಕಟ್ಟಿಸಿದ್ದು ನಾವೇ ಎಂದು ಬಾಗಿಲು ತೆಗೆದು ತೋರಿಸಿದೆ. 'ಭಾಳ ಚಲೋ ಮಾಡೀರಿ ಅಕ್ಕಾರ' ಎಂದರು. ಆ ವಾರವೇ ಮನಸ್ಸಿದೆ ಎಂಬ ಸುದ್ದಿ ಬಂತು, ದೊಡ್ಡವರು ಕೂತು ಮಾತು ಮುಗಿಸುವುದೊಂದೇ ಬಾಕಿ.

ಕೆಲವು ದಿನ ಕಳೆದು, ಒಂದು ನಸುಕಿನಲ್ಲಿ ಖಣಿಯ ಏರು ಹತ್ತಿ ನಿಂತಿದ್ದೆ. ಅವತ್ತು ತುಸು ಬಿರುಸು ಹೆಚ್ಚಾಗಿ ಎದೆ ಹಿಡಿದಿತ್ತು. ಜಾಲಿಯ ಮರೆಯಲ್ಲಿ ಬಗ್ಗಿ, ಮೊಣಕಾಲಿಗೆ ಕೈ ಊರಿ ಉಸಿರು ಹಿಡಿಯುತ್ತಿದ್ದೆ. ಸೀಟಿ ಕೇಳಿತು. ಬ್ಯಾಟರಿಯ ಬೆಳಕು ಮುಖದ ಮೇಲೆ ಬಿತ್ತು. ತಾಲೂಕಿನಿಂದ ಕಳಿಸಿದ ಗುಡ್ ಮಾರ್ನಿಂಗ್ ಪಥಕ, ಬಯಲಿಗೆ ಹೋಗುವವರನ್ನು ಹಿಡಿದು ಗುಲಾಬಿ ಹೂ ಕೊಟ್ಟು ನಾಚಿಸುವ ತಂಡ. ನಮ್ಮೂರ ಗ್ರಾಮಸೇವಕ ಮುಂದಿದ್ದ. ಯಾರಾದರೂ ತಮ್ಮವರನ್ನು ಬಿಟ್ಟುಬಿಡಬಾರದೆಂದು ಉಳಿದವರನ್ನು ಬೇರೆ ಊರುಗಳಿಂದ ಕರೆದಿದ್ದರು. ಹೂ ಹಿಡಿದು ನಿಂತವರು ಬಾಲಗಾಂವದ ಅಂಗನವಾಡಿಯ ಆ ಹೆಂಗಸು, ನನ್ನ ಮಗಳಿಗೆ ಅತ್ತೆ ಆಗಬೇಕಾದವರು.

ಗ್ರಾಮಸೇವಕ, 'ಅಕ್ಕಾರ... ನೀವ್ರಿ?' ಎಂದು ಬ್ಯಾಟರಿ ನೆಲಕ್ಕೆ ಇಳಿಸಿದ. ಪಾಪ, ಅವನಿಗೇ ನಾಚಿಕೆಯಾಗಿತ್ತು. ಮುಷ್ಟಿ ಇನ್ನೂ ನನ್ನ ಎದೆಯ ಮೇಲೆ ಕೂತಿತ್ತು. ಅದು ಬಿಡುವತನಕ ತಲೆ ತಗ್ಗಿಸಿ ನಿಂತೆ. ಅವರೆಲ್ಲ ಅದನ್ನು ನಾಚಿಕೆ ಎಂದುಕೊಂಡರು.

'ಮನ್ಯಾಗ ಐತೆಲ್ರಿ ಅಕ್ಕಾರ. ನೀವ ತೆಗದ ತೋರಿಸಿದ್ರಿ' ಎಂದರು ಆಕೆ. ಸಿಟ್ಟಿರಲಿಲ್ಲ, ಅವರಿಗೆ ತಿಳಿಯದಾಗಿತ್ತು ಅಷ್ಟೇ.

ಎದೆರೋಗ ಎಂಬ ಒಂದು ಮಾತು ಹೇಳಿದ್ದರೆ ಆ ಹೂ ಅಲ್ಲೇ ಕೆಳಗೆ ಬೀಳುತ್ತಿತ್ತು. ಬಾಯಿ ತುದಿಗೆ ಬಂದಿತ್ತು ಕೂಡ. ಮಗಳು ಹಿತ್ತಲಲ್ಲಿ ಫೋನು ಹಿಡಿದು ನಗುವುದು ಕಣ್ಣ ಮುಂದೆ ಬಂತು. 'ಒಳಗ ಕುಂತ್ರ ನನಗ ಆಗೂದಿಲ್ರಿ. ಮೊದಲಿಂದ ಇದ ರೂಢಿ' ಎಂದುಬಿಟ್ಟೆ. ಅವರು ನನ್ನನ್ನೇ ನೋಡಿದರು. ಆಮೇಲೆ ಹೂ ಕೊಟ್ಟರು. ನಾನು ಎಡಗೈಯಲ್ಲಿ ತಂಬಿಗೆ ಹಿಡಿದು ಬಲಗೈಯಲ್ಲಿ ಗುಲಾಬಿ ತೆಗೆದುಕೊಂಡೆ. ಯಾರೋ ಫೋಟೋ ಹೊಡೆದರು. ಎಷ್ಟು ಜನರನ್ನು ಅದೇ ಮಡ್ಡಿಯ ಮೇಲೆ ನಾನು ಎಬ್ಬಿಸಿ ನಿಲ್ಲಿಸಿದ್ದೆನೋ, ಅವರೆಲ್ಲರ ಮುಖ ಹೇಗಿರುತ್ತಿತ್ತೆಂದು ಅವತ್ತು ಮೊದಲ ಸಲ ವಿಚಾರ ಬಂತು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ನಾನು ಮನೆ ಮುಟ್ಟುವುದರೊಳಗೆ ಫೋಟೋ ಊರೆಲ್ಲ ತಿರುಗಿ ನಮ್ಮ ಅಂಗಡಿಗೂ ಬಂದಿತ್ತು. ಚಹಪುಡಿ ಒಯ್ಯಲು ಬಂದವರು ಪುಡಿ ತೆಗೆದುಕೊಂಡು ಹೋಗದೆ ನಿಂತು ಗಂಡನ ಮುಖ ನೋಡುತ್ತಿದ್ದರು. ಬಚತ್ ಗಟದ ಸಭೆಯಲ್ಲಿ ಒಬ್ಬಳು, 'ಅಕ್ಕಾರ, ಮುಂದಿನ ವರ್ಷ ಬ್ಯಾರೇದವರ ಅಧ್ಯಕ್ಷ ಆಗ್ಲಿ ಬಿಡ್ರಿ' ಎಂದಳು. ಅವಳ ಅತ್ತೆಯ ಬೆನ್ನ ಹಿಂದೆ ನಾನು ಸೀಟಿ ಊದಿದ್ದೆ, ಮುದುಕಿ ಎಡವಿ ಬಿದ್ದಿದ್ದಳು. ಅವಳು ಅಷ್ಟು ಮೆತ್ತಗೆ ಹೇಳಿದ್ದೇ ದೊಡ್ಡದು. ಮುಂದಿನ ವರ್ಷವೇಕೆ, ಅವತ್ತೇ ಎದ್ದು ಬಂದೆ.

ಬಾಲಗಾಂವದ ಸುದ್ದಿಯೂ ಬಂತು, ವಳಸಂಗದ ನಮ್ಮ ನೆಂಟರೊಬ್ಬರ ಬಾಯಿಂದ. 'ಹುಡುಗಿ ಬಂಗಾರದಂಥಾಕಿ ಅಂತಾರ. ಆದ್ರ ತಾಯಿ ಹೊರಗೊಂದ ಒಳಗೊಂದ ಆಡ್ತಾಳ, ಆ ಮನಿ ರೀತಿ ನಮಗ ತಿಳಿಯೂದಿಲ್ಲ ಅಂದ್ರು.' ಹೊರಗೊಂದು ಒಳಗೊಂದು ಎಂಬುದರಲ್ಲಿ ಸುಳ್ಳೇನಿತ್ತು? ಯಾವುದನ್ನು ಉಳಿಸಲು ಆ ಹೂ ಹಿಡಿದೆನೋ ಅದು ಆ ಹೂವಿನಿಂದಲೇ ಹೋಯಿತು.

ಮಗಳು ಅವತ್ತು ಒಂದೇ ಮಾತು ಕೇಳಿದಳು. 'ಊರಮಂದಿಗೆಲ್ಲ ಬುದ್ಧಿ ಹೇಳಿ, ನೀ ಯಾಕ ಹೋಗಿದ್ದಿ ಅವ್ವ?' ನಾನು ಜೋಳ ಹಸನು ಮಾಡುತ್ತ ಕೂತಿದ್ದೆ, ತಲೆ ಎತ್ತಲಿಲ್ಲ. ಒಂದು ಸಂಬಂಧ ಹೋದರೆ ಇನ್ನೊಂದು ಬರುತ್ತದೆ, ಅದಕ್ಕಾದರೂ ಸುದ್ದಿ ಮುಚ್ಚಿರಲಿ ಎಂದು ಗಂಡ ಕಣ್ಣಿನಲ್ಲೇ ಸನ್ನೆ ಮಾಡಿದರು. ಅವಳು ಉತ್ತರಕ್ಕೆ ಕಾದು ಕಾದು ಎದ್ದು ಹೋದಳು. ಆಮೇಲೆ ನನ್ನ ಕೂಡ ಮಾತು ಬಿಟ್ಟಳು. ರೊಟ್ಟಿ ನೀಡುವಾಗ ಸಹ ತಾಟನ್ನು ದೂರ ಸರಿಸಿ ಇಡುತ್ತಿದ್ದಳು. ಹಿತ್ತಲಿಗೆ ಹೋಗುವುದನ್ನು ಬಿಟ್ಟಳು.

ನಾನು ನಡಿಗೆ ಬಿಟ್ಟೆ. ಹೊಸ್ತಿಲು ದಾಟಿದರೆ ಯಾರಾದರೂ ತಂಬಿಗೆಯ ಮಾತು ತೆಗೆದಾರು ಎಂಬ ಅಂಜಿಕೆ. ಮನೆಯೊಳಗೇ ಕೂತೆ, ಕೂತಷ್ಟೂ ಎದೆ ಹಿಡಿಯುವುದು ಹೆಚ್ಚಾಯಿತು. ಮೊದಲು ಡಬ್ಬ ಎತ್ತಿದರೆ ಬರುತ್ತಿದ್ದದ್ದು ಈಗ ಹಾಸಿಗೆ ಮಡಚಿದರೂ ಬರತೊಡಗಿತು. ಬಿದ್ದ ದಾರಿ ಮತ್ತೆ ಹುಲ್ಲು ಹಿಡಿಯುತ್ತಿದೆ ಎಂದು ಗೊತ್ತಾಗುತ್ತಿತ್ತು. ಗೊತ್ತಾದರೂ ಕದಲಲಿಲ್ಲ. ಸಾಯುವುದಕ್ಕಿಂತ ಕಟ್ಟೆಯ ಮುಂದೆ ಹಾಯುವುದು ಕಷ್ಟ ಎನ್ನುವಂಥ ಹೆಂಗಸು ನಾನು ಎಂದು ಅದಕ್ಕೂ ಮುಂಚೆ ನನಗೆ ತಿಳಿದಿರಲಿಲ್ಲ.

ಮಿರಜಕ್ಕೆ ಹೋಗಿ ತೋರಿಸುವ ದಿನ ಬಂತು. ಗಂಡ ಜ್ವರ ಬಂದು ಮಲಗಿದ್ದರು. ಒಬ್ಬಳೇ ಹೋಗಬೇಡ ಎಂದು ಮಗಳನ್ನು ಜೊತೆ ಮಾಡಿದರು, ಹಲ್ಲಿನ ಡಾಕ್ಟರ ಹತ್ತಿರ ಎಂದೇ ಹೇಳಿ. ಬಸ್ಸಿನಲ್ಲಿ ಅವಳು ಕಿಟಕಿಯಾಚೆ ನೋಡುತ್ತ ಕೂತಳು. ಆಸ್ಪತ್ರೆಯ ಮುಂದೆ ಇಳಿದು ಫಲಕ ಓದಿದಳು. 'ಇದ ಹಲ್ಲಿನ ದವಾಖಾನಿ ಅಲ್ಲ.' ಎಷ್ಟೋ ದಿನಗಳ ಮೇಲೆ ನನ್ನ ಕೂಡ ಆಡಿದ ಮಾತು. 'ಒಳಗ ಐತಿ, ಬಾ' ಎಂದೆ. ಆ ಹೊತ್ತಿಗೂ ನನ್ನ ಬಾಯಿ ಸುಳ್ಳನ್ನೇ ಹೊಸೆಯುತ್ತಿತ್ತು.

ಡಾಕ್ಟರಮ್ಮ ಎದೆಗೆ ವೈರುಗಳನ್ನು ಅಂಟಿಸಿ ಓಡುವ ಪಟ್ಟಿಯ ಮೇಲೆ ನಡೆಸಿದರು. ಮೊದಲ ಸಲ ಬಂದಾಗಲೂ ಹೀಗೆ ನಡೆಸಿದ್ದರು, ಈಗ ಅಷ್ಟು ಹೊತ್ತೂ ಆಗಲಿಲ್ಲ, ಮುಷ್ಟಿ ಬಂದು ಕೂತಿತು. ಪಟ್ಟಿ ನಿಲ್ಲಿಸಿದರು. ಅವರ ಮುಖ ಸಣ್ಣಗಾಯಿತು.

'ಮಾವಶಿ, ರೋಜ್ ಚಾಲತಾ ನಾ?' ದಿನಾ ನಡೆಯುತ್ತೀರಲ್ಲ ಎಂದು ಕೇಳಿದರು.

'ಹೋ, ರೋಜ್' ಎಂದೆ. ಬಾಗಿಲ ಹತ್ತಿರ ಮಗಳು ನಿಂತಿದ್ದಳು.

ಡಾಕ್ಟರಮ್ಮ ನಿಟ್ಟುಸಿರು ಬಿಟ್ಟು, ಹಾಗಾದರೆ ನಿಮ್ಮಂಥ ನಾಳಗಳಿಗೆ ನಡಿಗೆಯಿಂದ ಗುಣ ಕಾಣುತ್ತಿಲ್ಲ ಎಂದು ತಮಗೆ ತಾವೇ ಹೇಳಿಕೊಂಡಂತೆ ಅಂದರು. ಹಾಗೆಂದೇ ಬರೆದುಕೊಳ್ಳಲು ಕುರ್ಚಿ ತಿರುಗಿಸಿದರು. ಆಗ ಮಗಳು ಮರಾಠಿಯಲ್ಲಿ ಮಾತಾಡಿದಳು. ನಮ್ಮವ್ವ ಸುಳ್ಳು ಹೇಳುತ್ತಿದ್ದಾಳೆ ಮ್ಯಾಡಮ್, ಎಷ್ಟೋ ವಾರದಿಂದ ಹೊಸ್ತಿಲು ದಾಟಿಲ್ಲ, ಅದಕ್ಕೂ ಮುಂಚೆ ದಿನಾ ನಸುಕಿನಲ್ಲಿ ಮಡ್ಡಿಗೆ ಹೋಗುತ್ತಿದ್ದಳು... ಅಷ್ಟು ಹೇಳಿ ನಿಲ್ಲಿಸಿದಳು. ನನ್ನ ಕಡೆ ನೋಡಿದಳು. ತಂಬಿಗೆಯ ಲೆಕ್ಕ ಅವಳಿಗೆ ಅಲ್ಲಿ, ನಿಂತ ಕಾಲಲ್ಲಿ ಹತ್ತಿತು.

ಡಾಕ್ಟರಮ್ಮ ನನ್ನ ಮೇಲೆ ರೇಗಲಿಲ್ಲ, ರೇಗಿದ್ದರೆ ಚೆನ್ನಾಗಿತ್ತು. ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡು ಹೇಳಿದರು. 'ನಿಮ್ಮ ಹೂಂ ನಿಮಗಷ್ಟೇ ಅಲ್ಲ ಮಾವಶಿ. ನಾಳೆ ನಿಮ್ಮ ಹಾಗೆಯೇ ಸ್ಪ್ರಿಂಗೂ ಇಲ್ಲ, ಬೈಪಾಸೂ ಇಲ್ಲ ಅನ್ನಿಸಿಕೊಂಡು ಬರೋ ಹೆಂಗಸಿಗೆ, ನಡೆದು ಏನೂ ಆಗಲ್ಲ ಅಂತ ನಾನು ಹೇಳಿ ಕಳಿಸ್ತಿದ್ದೆ. ಅವಳು ಮನೆಯಲ್ಲಿ ಕೂತುಬಿಡ್ತಿದ್ದಳು.' ಕೈಯಲ್ಲಿದ್ದ ಸೆರಗಿನ ತುದಿಯನ್ನು ಹಿಂಡುತ್ತ ಕೂತೆ. ಸಂಶೋಧನೆ ಎಂದರೆ ನನ್ನನ್ನು ಯಾರೋ ನೋಡುವುದು ಎಂದಷ್ಟೇ ತಿಳಿದಿದ್ದೆ. ನನ್ನ ಹಿಂದೆ ಕಾಣದ ಹೆಂಗಸರ ಸಾಲೊಂದು ನಿಂತಿದೆ, ಅವರಿಗೂ ನನ್ನ ಸುಳ್ಳು ಮುಟ್ಟುತ್ತದೆ ಎಂಬುದು ತಲೆಗೆ ಹೋಗಿರಲಿಲ್ಲ.

ಮತ್ತೆ ನಡೆಯಲು ಶುರು ಮಾಡಿ, ಮೊದಲಿನಿಂದ ನೋಡೋಣ ಎಂದರು. ನಾವು ಎದ್ದು ಹೊರಡುವಾಗ ಮಗಳ ಕಡೆ ತಿರುಗಿದರು. 'ನಿನ್ನ ಅಜ್ಜಿಗೂ ಇದೇ ಆಗಿತ್ತು ಅಂತ ನಿಮ್ಮವ್ವ ಹೇಳಿದ್ದಾರೆ. ನೀನೂ ಒಮ್ಮೆ ರಕ್ತ ತಪಾಸಣೆ ಮಾಡಿಸಿಕೋ. ಹೆದರಬೇಡ, ಆದರೆ ಈಗಿನಿಂದಲೇ ಕಾಳಜಿ ಇರಲಿ.' ಮಗಳು ಹೂಂ ಎಂದಳು. ಮುಖದಲ್ಲಿ ಬಣ್ಣವಿರಲಿಲ್ಲ.

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತೆವು. ನಾವು ಹತ್ತಬೇಕಾದ ಜತ್ತದ ಬಸ್ಸು ಇನ್ನೂ ಬಂದಿರಲಿಲ್ಲ. ಮಗಳು ಅಳುತ್ತಾಳೋ, ಬೈಯುತ್ತಾಳೋ ಎಂದು ಕಾದೆ. ಬೈದರೆ ಕೇಳಲು ತಯಾರಾಗಿದ್ದೆ, ನಿನ್ನ ಸಲುವಾಗಿಯೇ ಮಾಡಿದೆ ಎಂಬ ಮಾತನ್ನೂ ಒಳಗೆ ಜೋಡಿಸಿ ಇಟ್ಟುಕೊಂಡಿದ್ದೆ.

'ಅಜ್ಜಿ ಗ್ಯಾಸ್ ಆಗಿ ಹ್ವಾದ್ಲು ಅಂತ ಹೇಳಿದ್ರಿ' ಎಂದಳು.

'ಹೂಂ' ಎಂದೆ.

'ಬಾಲಗಾಂವಕ್ಕ ಕೊಟ್ಟಿದ್ರ, ಅಲ್ಲಿ ನನ್ನ ಎದಿ ಹಿಡಿದ್ರ, ನಾನೂ ಗ್ಯಾಸ್ ಅಂತ ಕುಂದರ್ತಿದ್ನೇನು?' ದನಿ ಏರಿಸಲಿಲ್ಲ. ಪಕ್ಕದಲ್ಲಿ ಕೂತ ಮುದುಕನಿಗೂ ಕೇಳಿಸಲಿಲ್ಲ. 'ನನಗ ಯಾವಾಗ ಹೇಳಾವ್ರಿದ್ರಿ ಅವ್ವ?'

ಜೋಡಿಸಿ ಇಟ್ಟ ಮಾತು ಈ ಪ್ರಶ್ನೆಗೆ ಹೊಂದುವಂಥದ್ದಾಗಿರಲಿಲ್ಲ. ಬೀಗರಿಗೆ ತಿಳಿಯಬಾರದು, ಊರಿಗೆ ತಿಳಿಯಬಾರದು ಎಂದು ನಾನೂ ಅವಳಪ್ಪನೂ ಎಷ್ಟು ಸಲ ಕೂತು ಮಾತಾಡಿದ್ದೆವು. ಲಗ್ನದ ಮೇಲೆ ಬೀಗರಿಗೆ ಗೊತ್ತಾದರೆ ಏನು ಹೇಳುವುದು ಎನ್ನುವುದನ್ನು ಸಹ ಗೊತ್ತು ಮಾಡಿಕೊಂಡಿದ್ದೆವು. ಅವಳಿಗೆ ಯಾವಾಗ ಹೇಳುವುದು ಎಂದು ಒಂದು ಸಲವೂ ಮಾತಾಡಿರಲಿಲ್ಲ. ನನ್ನ ಎದೆಯನ್ನು ಅವಳ ಮದುವೆಯಿಂದ ಬಚ್ಚಿಟ್ಟೆ, ಅವಳಿಗೂ ಒಂದು ಎದೆ ಇದೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

'ಹೇಳ್ತಿದ್ದಿಲ್ಲ' ಎಂದೆ. ಅವತ್ತು ನಾನು ಆಡಿದ ಒಂದೇ ನಿಜ ಅದು.